ಖಾಲಿ ಬಿಟ್ಟ ಸಾಲು

ತಗಡಿನ ಕಾರ್ಖಾನೆಯ ಮೇಲಂತಸ್ತಿನ ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಬೆನ್ನ ಹಿಂದೆ ಜಮೀನ್ದಾರ್ತಿ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಎನ್ನುವುದು ಬರೀ ಮಾತಿಗೆ. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಅವಳ ಜಮೀನು ಎಂದರೆ ನೆಲವಲ್ಲ, ಸಂಖ್ಯೆಗಳು. ಹಾಜರಿ, ಕ್ಯಾಮೆರಾ, ಯಂತ್ರ ಎಲ್ಲವನ್ನೂ ಕ್ಲೌಡ್‌ಗೆ, ಅಂದರೆ ದೂರದಲ್ಲೆಲ್ಲೋ ಬಾಡಿಗೆಗೆ ಹಿಡಿದ ಕಂಪ್ಯೂಟರುಗಳಿಗೆ, ಜೋಡಿಸಿದ ಮೇಲೆ ಒಂದೊಂದಕ್ಕೂ ಒಂದು ಐಪಿ ವಿಳಾಸ ಬೇಕಾಯಿತು. ಹತ್ತರಿಂದ ಶುರುವಾಗಿ ಚುಕ್ಕಿ ಇಟ್ಟುಕೊಂಡು ಮುಂದಕ್ಕೆ ಹೋಗುವ ಆ ಸಂಖ್ಯೆಗಳು ಕಾರ್ಖಾನೆಯೊಳಗಿನ ಮನೆ ನಂಬರುಗಳಿದ್ದಂತೆ. ಯಾವ ಸಾಲು ಯಾರಿಗೆ ಎಂದು ಹಂಚುವವಳು ಇವಳು. ಹಂಚುವುದಕ್ಕಿಂತ ಹಂಚದೆ ಇರುವುದರಲ್ಲೇ ಅವಳ ಹೆಸರು ದೊಡ್ಡದು.

ಅದರಲ್ಲೂ ಒಂದು ಸಾಲನ್ನು ಅವಳು ಕಾಯ್ದಿರಿಸಿ ಇಟ್ಟಿದ್ದಳು, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕ್ಲೌಡ್‌ನ ಪರದೆಯಲ್ಲಿ ನೋಡಿದರೆ ಆ ಸಾಲು ಪೂರ್ತಿ ಖಾಲಿ. ನಿಜಕ್ಕೂ ಖಾಲಿಯಲ್ಲ. ಆ ವಿಳಾಸಗಳೆಲ್ಲ ಕೆಳಗಿನ ಹಾಲಿನಲ್ಲಿ ತಗಡನ್ನು ತೆಳ್ಳಗೆ ಒತ್ತುವ ಎರಡು ರೋಲರ್ ಲೈನುಗಳಿಗೆ ಸೇರಿದ್ದವು. ಆ ಹಳೆಯ ಯಂತ್ರಗಳು ಕ್ಲೌಡ್‌ನ ಹೊರಗೆ, ಕಾರ್ಖಾನೆಯ ನೆಲದ ಮೇಲೆ ಇದ್ದುದರಿಂದ ಪರದೆಗೆ ಕಾಣುತ್ತಿರಲಿಲ್ಲ, ಅಷ್ಟೆ. ಅದೇ ಸಂಖ್ಯೆಗಳನ್ನು ಕ್ಲೌಡ್ ತನ್ನೊಳಗಿನ ಇನ್ನಾರಿಗಾದರೂ ಕೊಟ್ಟುಬಿಟ್ಟರೆ ಕಥೆ ಮುಗಿಯಿತು: ರೋಲರಿಗೆ ಕಳಿಸಿದ ಮಾತು ದಾರಿ ಬಿಟ್ಟು ಆ ಹೊಸಬನ ಮನೆಗೆ ಹೋಗುತ್ತದೆ. ಕ್ಲೌಡ್ ಯಾವಾಗಲೂ ಮೊದಲು ತನ್ನ ಮನೆಯೊಳಗೇ ಹುಡುಕುವುದು, ಸಿಕ್ಕರೆ ಹೊರಗೆ ತಲೆ ಹಾಕುವುದೇ ಇಲ್ಲ. ಹಾಗಾಗದಿರಲಿ ಎಂದೇ ಅವಳು ಆ ಸಾಲಿಗೆ ಬೇಲಿ ಹಾಕಿದ್ದು. ಬೇಲಿಯ ಮೇಲೆ ವಿವರಣೆಯ ಜಾಗದಲ್ಲಿ ಒಂದೇ ಮಾತು ಬರೆದಿದ್ದಳು: ಮುಟ್ಟಬೇಡಿ. ಯಾಕೆ ಎಂದು ಬರೆದಿರಲಿಲ್ಲ. ಯಾಕೆ ಎಂದು ಕೇಳುವುದೇ ಅವಳ ಪಾಲಿಗೆ ಅವಮಾನ.

ಆ ಸಾಲಿನಲ್ಲಿ ಓಡಾಡುತ್ತಿದ್ದ ಮಾತು ಎಂಥದ್ದು ಎಂದೂ ಹೇಳಬೇಕು. ಹಾಲಿನ ಕ್ಯಾಮೆರಾಗಳನ್ನು ನೋಡುತ್ತ ಕೂರುವ ಒಂದು ಪ್ರೋಗ್ರಾಂ ಕ್ಲೌಡ್‌ನಲ್ಲಿತ್ತು. ಕೆಲಸಗಾರರು ಅದನ್ನು ಕಾವಲು ಎನ್ನುತ್ತಿದ್ದರು. ರೋಲರಿನ ಮುಂದೆ ಬಳಿದ ಹಳದಿ ಗೆರೆಯನ್ನು ಯಾರ ಕೈಯಾದರೂ ದಾಟಿದರೆ ಕಾವಲು ರೋಲರಿಗೆ ನಿಲ್ಲು ಎನ್ನುತ್ತಿತ್ತು, ರೋಲರು ನಿಂತು, ನಿಂತೆ ಎಂದು ಉತ್ತರ ಕೊಡುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿಯುತ್ತಿತ್ತು. ಕಾವಲು ಬಂದ ಮೇಲೆ ಕಾರ್ಖಾನೆಯ ಸಾಹೇಬರು, ಒತ್ತಿದರೆ ಲೈನು ನಿಲ್ಲುವಂತೆ ಪಕ್ಕದಲ್ಲೇ ಇದ್ದ ಕೆಂಪು ಗುಂಡಿಯನ್ನು ಕೀಳಿಸಿ ದೂರದ ಕಂಬಕ್ಕೆ ಹಾಕಿಸಿದ್ದರು. ಬರುವವರು ಹೋಗುವವರೆಲ್ಲ ಅದಕ್ಕೆ ಬೆನ್ನು ಒರಗಿಸಿ ಕೆಲಸ ನಿಲ್ಲಿಸುತ್ತಾರಂತೆ. ಇಂಥ ಬುದ್ಧಿವಂತಿಕೆ ಸಾಹೇಬರಿಗೆ ಬಿಟ್ಟರೆ ಬೇರೆ ಯಾರಿಗೂ ಹೊಳೆಯದು.

ಮೊದಲನೇ ಲೈನಿನ ಮೇಸ್ತ್ರಿ ಅವಳ ಗಂಡ. ಆಫೀಸಿನಲ್ಲಿ ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದವನು ಗಂಡನ ತಮ್ಮ, ಅಂದರೆ ಅವಳ ಮೈದುನ. ಮೂವರೂ ಒಂದೇ ಮನೆಯಲ್ಲಿದ್ದರು, ಒಂದೇ ಬಸ್ಸಿಗೆ ಬರುತ್ತಿದ್ದರು. ಮೈದುನ ಓದಿನಲ್ಲಿ ಚುರುಕು, ಅಣ್ಣನೇ ಓದಿಸಿದ್ದು. ಆದರೆ ಆಫೀಸಿನ ಬಾಗಿಲು ದಾಟಿದ ಮೇಲೆ ಅತ್ತಿಗೆ ಅವನಿಗೆ ಅತ್ತಿಗೆಯಾಗಿರಲಿಲ್ಲ.

ಪ್ಯಾಕಿಂಗ್ ಹಾಲಿಗೆ ಹೊಸದಾಗಿ ಪೆಟ್ಟಿಗೆ ಕಟ್ಟುವ ಯಂತ್ರಗಳು ಬಂದಾಗ ಅವುಗಳಿಗೆ ವಿಳಾಸ ಬೇಕಾಯಿತು. ರೋಲರುಗಳ ಹಾಗಲ್ಲ, ಇವು ನೇರವಾಗಿ ಕ್ಲೌಡ್‌ನೊಳಗೇ ಸೇರುವಂಥವು. ಆ ಖಾಲಿ ಸಾಲನ್ನು ಕೊಟ್ಟರೆ ಇವತ್ತೇ ಕೆಲಸ ಮುಗಿಸುತ್ತೇನೆ ಎಂದು ಮೈದುನ ಬಂದು ಕೇಳಿದ. ಎಲ್ಲರ ಎದುರಿಗೇ ಕೇಳಿದ್ದು ಅವನ ತಪ್ಪು. ಅವಳಿಗೆ ಕೋಪ ಮೊದಲೇ ಮೂಗಿನ ತುದಿಯಲ್ಲಿ.

"ಇದೇನು ನಿಮ್ಮಪ್ಪನ ಮನೆ ಹಿತ್ತಲಾ, ಖಾಲಿ ಕಂಡಲ್ಲೆಲ್ಲ ಗೂಟ ಹೊಡೆಯೋಕೆ? ಹೋಗು, ಹೋಗಿ ಓದ್ಕೊಂಡು ಬಾ."

ಆಫೀಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ಅವನು ಕಿವಿಯವರೆಗೂ ಕೆಂಪಾಗಿ ತನ್ನ ಮೇಜಿಗೆ ಹೋಗಿ ಕೂತ. ಆ ವಾರ ರೋಲರ್ ಲೈನುಗಳನ್ನು ರಿಪೇರಿಗೆಂದು ನಿಲ್ಲಿಸಿದ್ದರು. ಅವಳು ಒಂದು ದಿನ ರಜೆ ಹಾಕಿ ಹಲ್ಲು ಕೀಳಿಸಿಕೊಂಡು ಬಂದಳು. ಮನೆಯಲ್ಲಿ ಮೈದುನ ಅವಳಿಗೆ ಗಂಜಿ ಕಾಯಿಸಿ ಕೊಟ್ಟ, ಆಫೀಸಿನ ವಿಷಯ ಒಂದೂ ಎತ್ತಲಿಲ್ಲ.

ರಿಪೇರಿ ಮುಗಿದು ಲೈನುಗಳು ಮತ್ತೆ ಹೊರಟ ಬೆಳಿಗ್ಗೆ ಅವಳು ಊದಿದ ಕೆನ್ನೆ ಹಿಡಿದುಕೊಂಡು ಕಾವಲಿನ ಪರದೆಯ ಮುಂದೆ ಕೂತಿದ್ದಳು. ತಗಡಿನ ಮೂಲೆಯೊಂದು ಮಡಚಿಕೊಂಡಿತು. ಗಂಡ ಅದನ್ನು ಬಿಡಿಸಲು ಹಳದಿ ಗೆರೆ ದಾಟಿ ಕೈ ಚಾಚಿದ. ಅವನಿಗೆ ಭಯವಿರಲಿಲ್ಲ, ಕೈ ಚಾಚಿದರೆ ರೋಲರು ನಿಲ್ಲುವುದು ಎಲ್ಲರಿಗೂ ಅಭ್ಯಾಸವಾಗಿಹೋಗಿತ್ತು. ಪರದೆಯ ಮೇಲೆ ಕಾವಲಿನ ಮಾತು ಮೂಡಿತು: ನಿಲ್ಲು. ಅದರ ಕೆಳಗೇ ಉತ್ತರವೂ ಬಂತು: ನಿಂತೆ. ಪಕ್ಕದ ಚಿತ್ರದಲ್ಲಿ ರೋಲರು ತಿರುಗುತ್ತಲೇ ಇತ್ತು.

ಅವಳು ಎರಡನ್ನೂ ನೋಡಿದಳು. ನಿಂತೆ ಎಂದದ್ದು ಯಾರು? ಅವಳ ಸಾಲಿನಲ್ಲಿ ಇನ್ನಾರೋ ಬಂದು ಸೇರಿಕೊಂಡಿದ್ದರು. ಪ್ಯಾಕಿಂಗ್ ಹಾಲಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ಹೊಸ ಯಂತ್ರವೊಂದು ವಿನಾಕಾರಣ ನಿಂತುಹೋಗಿ, ಅಲ್ಲಿಯ ಹೆಂಗಸರು ಇದಕ್ಕೇನು ಬಡಿಯಿತಪ್ಪಾ ಎಂದು ಬೈಯುತ್ತಿದ್ದದ್ದು ಆಮೇಲೆ ತಿಳಿಯಿತು. ಕೆಳಗಿನಿಂದ ಒಂದು ಕೂಗು ಎದ್ದಿತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದ ಗಂಡನ ದನಿ ಅದು ಎಂದು ಅವಳಿಗೆ ಗುರುತು ಸಿಗಲಿಲ್ಲ.

ಅವಳು ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ರೋಲರು ಅವನ ಬಲಗೈಯನ್ನು ಮೊಣಕೈ ದಾಟಿ ನುಂಗಿತ್ತು. ಆಚೆ ಬದಿಯಿಂದ ತಗಡಿನ ಜೊತೆ ಅಂಗಿಯ ತೋಳು ಹೊರಗೆ ಬರುತ್ತಿತ್ತು, ಚಪ್ಪಟೆಯಾಗಿ, ಇಸ್ತ್ರಿ ಮಾಡಿದಂತೆ. ಅದರೊಳಗೆ ಇದ್ದದ್ದೂ ಹಾಗೇ ಬರುತ್ತಿತ್ತು. ಒಬ್ಬ ಕೆಂಪು ಗುಂಡಿಯ ಕಂಬದ ಕಡೆ ಓಡಿ ನೆಲದ ಎಣ್ಣೆಯಲ್ಲಿ ಜಾರಿ ಬಿದ್ದ. ಗೂಳಿ ಎಂದು ಹೆಸರಾಗಿದ್ದ ಫಿಟ್ಟರು, ಗಂಡನ ಜೀವದ ಗೆಳೆಯ, ಬೆಂಕಿಗೆಂದು ಗೋಡೆಗೆ ನೇತುಹಾಕಿದ್ದ ಕೊಡಲಿ ಕಿತ್ತುಕೊಂಡು ಬಂದು ಆ ಲೈನಿಗೆ ಬರುವ ಕರೆಂಟಿನ ದಪ್ಪ ಕೇಬಲ್ಲಿಗೆ ಹಾಕಿದ. ಮೊದಲ ಏಟಿಗೆ ಕಿಡಿ ಎದ್ದು ಅವನ ಹುಬ್ಬು ಸುಟ್ಟಿತು. ಎರಡನೆಯ ಏಟಿಗೆ ರೋಲರು ನಿಂತಿತು. ಆಮೇಲೆ ನಾಲ್ಕಾರು ಮಂದಿ ಸೇರಿ ಕಬ್ಬಿಣದ ಸಲಾಕೆ ಹಾಕಿ ರೋಲರನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಒಂದೊಂದು ಸುತ್ತಿಗೂ ಅವನು ಕೂಗಿದ, ಕೊನೆಗೆ ಕೂಗುವುದೂ ನಿಂತಿತು. ಹೊರಗೆ ಬಂದದ್ದನ್ನು ಗೂಳಿ ತನ್ನ ಅಂಗಿ ಬಿಚ್ಚಿ ಸುತ್ತಿದ. ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವನ ತುಟಿ ಬಿಳಿಚಿಕೊಂಡಿತ್ತು, ಅವಳ ಸೀರೆಯೆಲ್ಲ ಬಿಸಿಯಾಗಿ ಒದ್ದೆಯಾಗಿತ್ತು. ಆಂಬುಲೆನ್ಸ್ ಬಂದಾಗ ಜೊತೆಗೆ ಹತ್ತು ಎಂದು ಯಾರೋ ಅವಳ ರಟ್ಟೆ ಹಿಡಿದರು. ಅವಳು ಕೊಡವಿಕೊಂಡು ಮೆಟ್ಟಿಲ ಕಡೆ ನಡೆದಳು.

ಮೇಲೆ ಮೈದುನ ಬಾಗಿಲಲ್ಲಿ ನಿಂತು, ಅಣ್ಣನಿಗೆ ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದ. ಅವಳು ಅವನನ್ನು ದಾಟಿ ತನ್ನ ಮೇಜಿಗೆ ಹೋಗಿ ಕ್ಲೌಡ್‌ನ ಪರದೆ ತೆರೆದಳು. ಕಾಯ್ದಿರಿಸಿದ ಸಾಲು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಪ್ಯಾಕಿಂಗ್ ಎಂಬ ಹೊಸ ಸಾಲು ಕೂತಿತ್ತು. ತೆಗೆದವರು ಯಾರು ಎಂದಿದ್ದ ಕಡೆ ಮೈದುನನ ಹೆಸರಿತ್ತು.

ಅವಳು ಬಾಗಿಲ ಚಿಲಕ ಹಾಕಿದಳು. ಮೇಜಿನ ಮೇಲಿದ್ದ ಕೀಬೋರ್ಡನ್ನು ಎತ್ತಿ ಅವನ ಮುಖಕ್ಕೆ ಬಾರಿಸಿದಳು. ಗುಂಡಿಗಳು ಚೆಲ್ಲಾಪಿಲ್ಲಿಯಾಗಿ ನೆಲಕ್ಕೆ ಬಿದ್ದವು. ಅವನು ಕೈ ಅಡ್ಡ ತಂದಾಗ ಕೈಮೇಲೆ ಹೊಡೆದಳು, ಬಗ್ಗಿದಾಗ ಬೆನ್ನಿಗೆ ಹೊಡೆದಳು, ಕೀಬೋರ್ಡು ಎರಡಾದ ಮೇಲೆ ಕಾಲಲ್ಲಿ ಒದ್ದಳು. ಸಾಹೇಬರು ಒಳಕೋಣೆಯಿಂದ ಇಣುಕಿ ನೋಡಿದವರು ಶೌಚಾಲಯಕ್ಕೆ ನುಗ್ಗಿ ಅಗಳಿ ಹಾಕಿಕೊಂಡರು. ಉಳಿದವರು ಚಿಲಕ ಬೀಳುವ ಮೊದಲೇ ಕಂಬಿ ಕಿತ್ತಿದ್ದರು. ಮೈದುನ ಬಾಯಿಂದ ರಕ್ತ ಉಗಿಯುತ್ತ, ತಾನು ಪ್ರತಿಯೊಂದು ವಿಳಾಸವನ್ನೂ ಪಿಂಗ್ ಮಾಡಿ ನೋಡಿದೆ ಎಂದ. ಪಿಂಗ್ ಎಂದರೆ ಆ ನಂಬರಿನ ಮನೆಯ ಬಾಗಿಲು ತಟ್ಟಿ, ಯಾರಾದರೂ ಇದ್ದೀರಾ ಎಂದು ಕೇಳುವುದು. ಒಬ್ಬರೂ ಓಗೊಟ್ಟಿರಲಿಲ್ಲ. ಹೇಗೆ ಓಗೊಡುತ್ತಾರೆ? ರಿಪೇರಿಗೆಂದು ಲೈನುಗಳ ಕರೆಂಟನ್ನೇ ತೆಗೆದಿದ್ದರು. ಸತ್ತಂತೆ ಮಲಗಿದವರ ಮನೆಗಳನ್ನು ಖಾಲಿ ಎಂದುಕೊಂಡು ಅವನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದ.

"ಮುಟ್ಟಬೇಡಿ ಅಂತ ಬರೆದಿರಲಿಲ್ವೇನೋ?"

"ಯಾಕೆ ಅಂತ ನೀವು ಹೇಳಲಿಲ್ಲ ಅತ್ತಿಗೆ. ಕೇಳಿದ್ದಕ್ಕೆ ಎಲ್ಲರ ಮುಂದೆ ನಗೆಪಾಟಲು ಮಾಡಿದ್ರಿ."

ಆ ಮಾತು ಅವಳಿಗೆ ನಾಟಿತು. ನಾಟಿದ್ದರಿಂದಲೇ ಕೋಪ ನೆತ್ತಿಗೇರಿತು. ಅಷ್ಟರಲ್ಲಿ ಬಾಗಿಲ ಮೇಲೆ ದಬದಬ ಬಡಿತ ಶುರುವಾಯಿತು. ಕೆಳಗಿನವರೆಲ್ಲ ಬಂದಿದ್ದರು, ಮುಂದೆ ಗೂಳಿ. ಕಾವಲನ್ನು ಕೆಡಿಸಿದವರು ಯಾರು ಎಂದು ಅವನಿಗೆ ಗೊತ್ತಾಗಬೇಕಿತ್ತು. ಕೊಡಲಿಯ ಬಾಯಿ ಬಾಗಿಲ ಹಲಗೆ ಸೀಳಿ ಒಳಗೆ ಇಣುಕಿತು. ಮೈದುನ ಅವಳ ಕಾಲು ಹಿಡಿದುಕೊಂಡ. ಸುಮ್ಮನಿದ್ದಿದ್ದರೆ ಬಾಗಿಲು ಇನ್ನೂ ಸ್ವಲ್ಪ ಹೊತ್ತು ತಡೆಯುತ್ತಿತ್ತೇನೋ, ಅಷ್ಟರಲ್ಲಿ ಪೊಲೀಸರು ಬರುತ್ತಿದ್ದರೇನೋ. ಅವಳು ಕಾಲು ಬಿಡಿಸಿಕೊಂಡು ಹೋಗಿ ಚಿಲಕ ತೆಗೆದಳು.

"ಇವನೇ. ಕರ್ಕೊಂಡು ಹೋಗಿ."

ಅವರು ಅವನನ್ನು ಕೂದಲು ಹಿಡಿದು ಎಳೆದುಕೊಂಡು ಹೋದರು. ಮೆಟ್ಟಿಲು ಮೆಟ್ಟಿಲಿಗೂ ಅವನ ಬೆನ್ನು ಬಡಿಯುವ ಸದ್ದು ಕೇಳಿತು. ಒಬ್ಬ ಸ್ಪ್ಯಾನರಿನಿಂದ ಅವನ ಮಂಡಿಗೆ ಹೊಡೆದ. ಸ್ವಂತ ಅಣ್ಣನಿಗೇ ಹೀಗೆ ಮಾಡಿದನಲ್ಲ ಎಂದು ಇನ್ನೊಬ್ಬ ಅಳುತ್ತಲೇ ಒದ್ದ. ಅವಳು ಕುರ್ಚಿಯಲ್ಲಿ ಕುಸಿದಳು. ಎದುರಿಗೆ ಕಾವಲಿನ ಪರದೆಯಿತ್ತು, ಅದರಲ್ಲಿ ಎರಡನೇ ಲೈನಿನ ಚಿತ್ರವಿತ್ತು. ಗೂಳಿ ಮೈದುನನನ್ನು ಆ ಲೈನಿನ ಮುಂದೆ ತಂದು ನಿಲ್ಲಿಸಿದ. ಮುರಿದ ಬಾಗಿಲಿನಿಂದ ಗೂಳಿಯ ದನಿ ಮೇಲಿನವರೆಗೂ ಕೇಳಿತು.

"ಹೆದರ್ಬೇಡ ಮರಿ, ನಿಮ್ಮ ಕಾವಲು ಇದೆಯಲ್ಲ, ನಿಲ್ಸುತ್ತೆ."

ಅವನು ಲೈನು ಚಾಲೂ ಮಾಡಿದ. ಇಬ್ಬರು ಮೈದುನನ ಎಡಗೈಯನ್ನು ಹಿಡಿದು ಹಳದಿ ಗೆರೆಯ ಆಚೆ ಚಾಚಿದರು. ಕೂಡಲೇ ರೋಲರಿಗೆ ಕೊಡಲಿಲ್ಲ. ಗೂಳಿಗೆ ಅವಸರವಿರಲಿಲ್ಲ, ಇಂಚಿಂಚಾಗಿ ತಳ್ಳಿಸುತ್ತಿದ್ದ. ಪರದೆಯ ಮೇಲೆ ಮಾತು ಮೂಡಿತು: ನಿಲ್ಲು. ಪ್ಯಾಕಿಂಗ್ ಹಾಲಿನಿಂದ ಉತ್ತರ ಬಂತು: ನಿಂತೆ. ಮತ್ತೆ ನಿಲ್ಲು, ಮತ್ತೆ ನಿಂತೆ.

ಅವಳ ಎದುರಿಗಿದ್ದ ಕೆಲಸ ಅವಳಿಗೆ ನಿದ್ದೆಗಣ್ಣಲ್ಲೂ ಬರುತ್ತಿತ್ತು. ಪ್ಯಾಕಿಂಗ್ ಯಂತ್ರಗಳನ್ನು ಸಾಲಿನಿಂದ ಕಿತ್ತೆಸೆಯಬೇಕು, ಸಾಲನ್ನು ಅಳಿಸಬೇಕು, ಹಳೆಯ ಬೇಲಿಯನ್ನು ಮತ್ತೆ ಹಾಕಬೇಕು. ಅಷ್ಟಾದರೆ ಕಾವಲಿನ ಮಾತು ಸರಿಯಾದ ಮನೆಗೆ ಹೋಗುತ್ತದೆ, ರೋಲರು ನಿಲ್ಲುತ್ತದೆ. ಮೆಟ್ಟಿಲಿಳಿದು ಹೋಗಿ ಅಷ್ಟು ಗಂಡಸರನ್ನು ಬಿಡಿಸುವುದು ಅವಳಿಂದ ಆಗದ ಮಾತು, ಆದರೆ ಇದು ಆಗುತ್ತಿತ್ತು. ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಳು. ಆ ಕೈಗಳಲ್ಲಿ ಗಂಡನ ರಕ್ತ ಒಣಗಿ ಚರ್ಮ ಬಿಗಿಯುತ್ತಿತ್ತು. ಹೋಗಲಿ ಅವನ ಕೈಯೂ, ಎಂದುಕೊಂಡಳು. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಅವಳಿಗೆ ಅದು ಬೇಕಾಗಿತ್ತು, ಹಸಿವಾದವರಿಗೆ ಅನ್ನ ಬೇಕಾದ ಹಾಗೆ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಕೇಳಿ ಯಾರಿಗೂ ಪ್ರಯೋಜನವಿಲ್ಲ.

ಮೈದುನ ಒಮ್ಮೆ ತಲೆಯೆತ್ತಿ ನೇರವಾಗಿ ಕ್ಯಾಮೆರಾ ನೋಡಿದ. ಅವಳು ಇನ್ನೊಂದು ಬದಿಯಲ್ಲಿ ಇದ್ದಾಳೆಂದು ಅವನಿಗೆ ಗೊತ್ತಿತ್ತು, ಅವಳಿಗೆ ಏನು ಮಾಡಲು ಬರುತ್ತದೆಂದೂ ಗೊತ್ತಿತ್ತು. ಅವನು ಬಾಯಿ ತೆರೆದು ಏನೋ ಕೂಗಿದ. ರೋಲರಿನ ಸದ್ದಿನಲ್ಲಿ ಕೇಳಲಿಲ್ಲ. ಅವನ ಕಿರುಬೆರಳಿನ ತುದಿ ರೋಲರಿಗೆ ತಾಗಿತು.

ಆಗ ಅವಳ ಕೈ ಎದ್ದಿತು. ಕೀಬೋರ್ಡು ಮುರಿದು ಬಿದ್ದಿತ್ತು; ಪಕ್ಕದ ಮೇಜಿನದನ್ನು ಕಿತ್ತು ತಂದು ಸಿಕ್ಕಿಸಿದಳು. ಸಾಲನ್ನು ಅಳಿಸು ಎಂದಳು. ಕ್ಲೌಡ್ ಒಪ್ಪಲಿಲ್ಲ, ಇಲ್ಲಿ ಇನ್ನೂ ಯಂತ್ರಗಳಿವೆ ಎಂದು ಸಭ್ಯವಾಗಿ ತಿಳಿಸಿತು. ಒಂದೊಂದೇ ಯಂತ್ರವನ್ನು ಕಿತ್ತಳು. ಪ್ರತಿ ಸಲವೂ ಅದು ನಿಜವಾಗಿಯೂ ತೆಗೆಯಲೇ ಎಂದು ಕೇಳಿತು. ಹಲ್ಲು ಕಚ್ಚಿದಾಗ, ಕೀಳಿಸಿದ ಹಲ್ಲಿನ ಜಾಗದ ಹೊಲಿಗೆ ಬಿಚ್ಚಿ ಬಾಯಿ ತುಂಬ ರಕ್ತ ಬಂತು, ನುಂಗಿದಳು. ಪಕ್ಕದ ಚಿತ್ರದತ್ತ ಕಣ್ಣು ಹಾಯಿಸಬಾರದೆಂದುಕೊಂಡರೂ ಹಾಯಿಸಿದಳು. ಕಿರುಬೆರಳು ಪೂರ್ತಿ ಹೋಗಿತ್ತು, ಉಂಗುರಬೆರಳು ಹೋಗುತ್ತಿತ್ತು. ಸಾಲನ್ನು ಅಳಿಸಿದಳು. ಹಳೆಯ ಬೇಲಿಯ ಮೊದಲ ಸಂಖ್ಯೆ ಕೊನೆಯ ಸಂಖ್ಯೆ ಒತ್ತಿದಳು. ವಿವರಣೆ ಕೊಡಿ ಎಂದು ಕ್ಲೌಡ್ ಕೇಳಿದ ಜಾಗದಲ್ಲಿ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಗುದ್ದಿ, ಕಾಯ್ದಿರಿಸು ಎಂದಳು.

ನಿಲ್ಲು, ಎಂದಿತು ಕಾವಲು. ಎರಡನೇ ಲೈನು ನಿಂತಿತು.

ಹಾಲಿನಲ್ಲಿ ಸದ್ದಡಗಿದ ಕೂಡಲೇ ಎಲ್ಲರಿಗೂ ಮೈದುನನ ಕೂಗು ಮೊದಲ ಸಲ ಸರಿಯಾಗಿ ಕೇಳಿಸಿತು. ಅದನ್ನು ಕೇಳಿ ಅವನ ಕೈ ಹಿಡಿದಿದ್ದವರು ಬಿಟ್ಟು ಹಿಂದೆ ಸರಿದರು. ಗೂಳಿ ತಾನು ಹಿಡಿದಿದ್ದ ಕೊಡಲಿಯನ್ನು ಒಮ್ಮೆ ನೋಡಿ ಕೆಳಗಿಟ್ಟ, ನೆಲದ ಮೇಲೆ ಕೂತು ವಾಂತಿ ಮಾಡಿಕೊಂಡ. ಪೊಲೀಸರು ಬಂದು ಅವನನ್ನು ಎಬ್ಬಿಸುವವರೆಗೂ ಅಲ್ಲೇ ಕೂತಿದ್ದ.

ಆಸ್ಪತ್ರೆಯಲ್ಲಿ ಅಣ್ಣ ತಮ್ಮಂದಿರಿಗೆ ಅಕ್ಕಪಕ್ಕದ ಮಂಚ ಸಿಕ್ಕಿತು. ಅಣ್ಣನ ಬಲಗೈಯನ್ನು ಭುಜದ ಹತ್ತಿರಕ್ಕೇ ಕತ್ತರಿಸಿದ್ದರು. ತಮ್ಮನ ಎಡಗೈಯಲ್ಲಿ ಮೂರು ಬೆರಳು ಉಳಿದಿದ್ದವು. ಗಂಡನಿಗೆ ಸರಿಯಾಗಿ ಎಚ್ಚರವಾದ ದಿನ ಅವಳು ಅವನಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಅವನಿಗೆ ಯಾರೋ ಅರ್ಧಂಬರ್ಧ ಕಥೆ ಹೇಳಿದ್ದರು. ಗೂಳಿಗೆ ತಲೆಕೆಟ್ಟು ತಮ್ಮನನ್ನು ರೋಲರಿಗೆ ಹಿಡಿದನಂತೆ, ಮೇಲಿಂದ ನೀನು ಲೈನು ನಿಲ್ಲಿಸಿ ಹುಡುಗನನ್ನು ಉಳಿಸಿದೆಯಂತೆ ಎಂದು ಅವನು ನಿಧಾನವಾಗಿ, ಪದ ಪದ ಹುಡುಕಿ ಹೇಳಿದ. ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ನೀನಿಲ್ಲದಿದ್ದರೆ ಏನು ಗತಿ ಎಂದ.

ಮೈದುನ ಆಚೆಯ ಮಂಚದಿಂದ, ಹೌದಣ್ಣ ಎಂದ. ಅತ್ತಿಗೆ ಇಲ್ಲದಿದ್ದರೆ ಪೂರ್ತಿ ಕೈಯೇ ಹೋಗುತ್ತಿತ್ತು ಎಂದ. ಅವನು ಅವಳ ಕಡೆ ನೋಡಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಬೈದಿದ್ದರೆ ಅವಳು ತಿರುಗಿ ಬೈದು ಬದುಕಿಕೊಳ್ಳುತ್ತಿದ್ದಳು. ಈ ಮರ್ಯಾದೆಯನ್ನು ಅವಳಿಂದ ತಡೆಯಲಾಗಲಿಲ್ಲ. ಚಮಚ ಕೆಳಗಿಟ್ಟಳು.

"ರೀ, ಚಿಲಕ ತೆಗೆದು ಇವನನ್ನ ಅವರ ಕೈಗೆ ಕೊಟ್ಟಿದ್ದು ನಾನೇ. ಆಮೇಲೆ ನಿಲ್ಲಿಸೋಕೆ ಬರ್ತಿದ್ರೂ ನೋಡ್ತಾ ಕೂತಿದ್ದೆ. ಬೇಗ ನಿಲ್ಲಿಸಿದ್ರೆ ಆ ಬೆರಳು ಹೋಗ್ತಿರಲಿಲ್ಲ."

ಗಂಡನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಯಾಕೆ ಎಂದು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ಮೈದುನ ಎದ್ದು, ಏಟು ಬಿದ್ದ ಮಂಡಿ ಎಳೆದುಕೊಂಡು ಅಣ್ಣನ ಮಂಚದ ಹತ್ತಿರ ಬಂದ.

"ರೋಲರಿನ ಸಾಲು ತೆಗೆದಿದ್ದು ನಾನಣ್ಣ. ಖಾಲಿ ಇದೆ ಅಂದ್ಕೊಂಡೆ. ನಿನ್ನ ಕೈ ಹೋಗಿದ್ದು ನನ್ನಿಂದ."

ಗಂಡ ತಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನ ಮುಖದ ನರಗಳೆಲ್ಲ ಎದ್ದು ನಿಂತವು. ಹೊಡೆಯಲು ಬಲಗೈ ಎತ್ತಿದ. ಬ್ಯಾಂಡೇಜು ಸುತ್ತಿದ ಭುಜ ಒಂದಿಷ್ಟು ಮೇಲಕ್ಕೆದ್ದು ಅಲ್ಲೇ ನಡುಗಿತು. ಹೊಡೆಯಲು ಅಲ್ಲಿ ಕೈ ಇರಲಿಲ್ಲ. ಅದನ್ನು ಮರೆತಿದ್ದ ಅವನು ತನ್ನ ಭುಜವನ್ನೇ ನೋಡುತ್ತ ಉಳಿದ. ಮೈದುನ ಮುಖ ಮುಂದಕ್ಕೆ ಚಾಚಿ ಕಾಯುತ್ತಿದ್ದ.

"ಎಡಗೈಲಿ ಹೊಡಿ ಅಣ್ಣ."

ಅವನು ಹೊಡೆದ. ಅಭ್ಯಾಸವಿಲ್ಲದ ಕೈ, ಏಟು ಕೆನ್ನೆ ತಪ್ಪಿ ಕಿವಿಯ ಮೇಲೆ ಬಿತ್ತು. ಇನ್ನೊಂದು ಹೊಡೆದ, ಅದು ಸರಿಯಾಗಿ ಬಿತ್ತು. ಮೈದುನ ಹಿಂದೆ ಸರಿಯಲಿಲ್ಲ. ಗಂಡ ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ದಿಂಬಿಗೆ ಒರಗಿದ. ಆಮೇಲೆ ಅವಳ ಕಡೆ ತಿರುಗಿ, ನೀನೂ ಹತ್ತಿರ ಬಾ ಎಂದ. ಅವಳು ಎದ್ದು ಅವನ ಎಡಗೈಗೆ ಎಟಕುವಷ್ಟು ಹತ್ತಿರ ಹೋಗಿ ನಿಂತಳು.